ಸೀಮೆಸುಣ್ಣದ ಗೆರೆ

ಮಾರ್ಚ್ ೯, ಶನಿವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ಕೈಗೆ ಬಿಡುವಿತ್ತು, ಮನಸ್ಸಿಗಿರಲಿಲ್ಲ. ಭಾವನ ಕೆಮ್ಮು ಹೇಗಿದೆ?

ನನ್ನ ಮಗಳು ಗುಬ್ಬಿಯ ನಡಿಗೆ ಸರಿಹೋಯಿತೇ ಎಂದು ಕೇಳಿದ್ದೆಯಲ್ಲ. ಪಾದ ಎರಡೂ ಒಳಕ್ಕೆ ತಿರುಗಿ, ಓಡಿದರೆ ಒಂದು ಕಾಲು ಇನ್ನೊಂದಕ್ಕೆ ತೊಡರುತ್ತಿತ್ತು. ಇವರು ಅವಳ ಶಾಲೆಯಲ್ಲೇ ಡ್ರಿಲ್ ಮೇಷ್ಟರಲ್ಲವೇ? ಕ್ರೀಡಾದಿನದ ಕವಾಯತಿನಲ್ಲಿ ಅವಳು ಎಲ್ಲರೆದುರು ಮುಗ್ಗರಿಸಿ ಬಿದ್ದಳು. "ಡ್ರಿಲ್ ಮೇಷ್ಟ್ರ ಮಗಳಿಗೇ ನಡೆಯೋಕೆ ಬರಲ್ಲವಲ್ಲ!" ಎಂದು ಯಾರೋ ನಕ್ಕರು. ಇವರು ಅವಳ ರಟ್ಟೆ ಹಿಡಿದು ಮನೆಗೆ ಕರೆತಂದರು.

ಮರುದಿನವೇ ಮೂಳೆ ಡಾಕ್ಟರ ಬಳಿ ಹೋದೆವು. ಅವರು ಅವಳನ್ನು ಅತ್ತಿತ್ತ ನಡೆಸಿ ನೋಡಿ, "ಗಾಬರಿ ಬೇಡಮ್ಮ. ಮಂಡಿ ಮಡಿಚಿ ಕಾಲು ಎರಡೂ ಕಡೆ ಚಾಚಿ ಕೂರೋದು ಬಿಡಿಸಿ, ಚಕ್ಕಳಮಕ್ಕಳ ಹಾಕಿ ಕೂರಲಿ. ಚೆನ್ನಾಗಿ ಆಡಲಿ. ಬೆಳೀತಾ ತಾನೇ ಸರಿಹೋಗುತ್ತೆ" ಎಂದರು.

"ತಾನೇ ಅಂದ್ರೆ ಯಾವಾಗ?" ಇವರು ಕೇಳಿದರು.

"ವರ್ಷಗಳೇ ಬೇಕು ಸಾರ್. ಬಲವಂತ ಮಾಡಬೇಡಿ."

ಇವರಿಗೆ ಆ ಮಾತು ಹಿಡಿಸಲಿಲ್ಲ. ಹಜಾರದ ಉದ್ದಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಶಾಲೆಗೆ ಮುಂಚೆ, ಶಾಲೆ ಬಿಟ್ಟ ಮೇಲೆ, ಅವಳು ಅದರ ಮೇಲೆ ನಡೆಯಬೇಕು. "ಸಾಕು ಬಿಡ್ರೀ, ಮಗೂಗೆ ಸುಸ್ತಾಗಿದೆ" ಎಂದರೆ, "ನಿನ್ನ ಮುದ್ದಿನಿಂದಲೇ ಹೀಗಾಗಿದ್ದು" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗಿನಿಂದ "ಎಡ, ಬಲ" ಅಷ್ಟೇ ಕೇಳಿಸುತ್ತಿತ್ತು.

ಈಗ ಗುಬ್ಬಿ ನೆಟ್ಟಗೆ ನಡೆಯುತ್ತಾಳೆ ಅಕ್ಕ. ನೋಡಿದವರೆಲ್ಲ ಹೊಗಳುತ್ತಾರೆ. ಆದರೆ ಓಡುವುದಿಲ್ಲ. ಆಟಕ್ಕೆ ಕರೆದರೆ ಮೆಟ್ಟಿಲ ಮೇಲೆ ಕೂತು ಬೇರೆ ಮಕ್ಕಳನ್ನು ನೋಡುತ್ತಾಳೆ. ನಡೆಯುವಾಗ ತಲೆ ಎತ್ತುವುದೇ ಇಲ್ಲ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಅವರು ಸದಾ ಗಲಾಟೆ ಮಾಡಿಕೊಂಡೇ ಇರಲಿ.

ನಿನ್ನ ತಂಗಿ

ಮತ್ತೆ: ಕಾಗದ ಮಡಿಚಿಟ್ಟಿದ್ದೆ, ತಡೆಯಲಾಗಲಿಲ್ಲ. ನಿನ್ನೆ ನಾನೊಬ್ಬಳೇ ಅವಳನ್ನು ಡಾಕ್ಟರಿಗೆ ತೋರಿಸಲು ಕರೆದೊಯ್ದೆ. ಅವರು ಕಾಲುಚೀಲ ಇಳಿಸಿದರು. ಮೀನಖಂಡದ ತುಂಬ ಬಾಸುಂಡೆ. "ಇದೇನಿದು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಗುಬ್ಬಿ, "ಬಿದ್ದೆ ಡಾಕ್ಟ್ರೇ" ಎಂದಳು, ಒಂದಿಷ್ಟೂ ತಡವರಿಸದೆ. ಈಚೆಗೆ ತಾನೇ ಸ್ನಾನ ಮಾಡಿಕೊಳ್ಳುತ್ತೇನೆಂದು ಯಾಕೆ ಹಟ ಹಿಡಿದಿದ್ದಳೆಂದು ನನಗೆ ಆಗ ತಿಳಿಯಿತು. ಡಾಕ್ಟರಿಗೆ ನಾನೇ ನಿಜ ಹೇಳಿದೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾವಿಬ್ಬರೂ ನಿನ್ನೂರಿನ ಬಸ್ಸಿನಲ್ಲಿರುತ್ತೇವೆ. ಭಾವನಿಗೂ ಮಕ್ಕಳಿಗೂ ಮೊದಲೇ ಹೇಳಿಡು: ಅವಳು ಹೇಗೇ ನಡೆದು ಬರಲಿ, ಯಾರೂ ಅವಳ ಕಾಲಿನ ಕಡೆ ನೋಡಬಾರದು.