ಇನ್ನೂರ ನಲವತ್ತೆಂಟು ಡಿಗ್ರಿ

ಮಂಗಳವಾರ, ಮಾರ್ಚ್ 11
ತಂಗಿಯ ಮನೆ, ಮಧ್ಯಾಹ್ನ

ಮೇಸ್ತ್ರಿಗೆ,

'ಪ್ರೀತಿಯ' ಎಂದು ಬರೆಯಹೋದರೆ ಕೈ ತಡೆಯುತ್ತದೆ, ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ. ಅದಕ್ಕೇ ಊರೆಲ್ಲ ಕರೆಯುವ ಹೆಸರಿನಿಂದಲೇ ಕರೆದಿದ್ದೇನೆ. ಗ್ಯಾರೇಜಿನಲ್ಲಿ ಗಿರಾಕಿಗಳ ಎದುರು ನಿನ್ನನ್ನು 'ನೀವು' ಎನ್ನುತ್ತಿದ್ದೆ, ಮನೆಗೆ ಬಂದು ಕೈ ತೊಳೆದ ಮೇಲೆ 'ನೀನು'. ಹದಿನಾಲ್ಕು ವರ್ಷ ಹಾಗೇ ನಡೆಯಿತು. ಇದು ಗ್ಯಾರೇಜಿನ ವಿಷಯವಾದರೂ ಇವತ್ತು 'ನೀನು' ಎಂದೇ ಬರೆಯುತ್ತೇನೆ. ಸಿಟ್ಟು ಬರುವುದಾದರೆ ಬರಲಿ.

ನಿನ್ನೆ ನಿನ್ನ ಅಕ್ಕ ಬಂದು ನಿನ್ನ ಪತ್ರವನ್ನೂ ಅದರೊಳಗಿದ್ದ ಟೈಪು ಮಾಡಿದ ಹಾಳೆಯನ್ನೂ ಕೊಟ್ಟರು. ಪತ್ರ ನಾಲ್ಕೇ ಸಾಲು. ಗುರುವಾರ ಬೆಟ್ಟದ ಓಟದ ಸಂಘದವರು ವಿಚಾರಣೆ ಇಟ್ಟಿದ್ದಾರೆ, ಕಣ್ಣಿನ ಡಾಕ್ಟರ್ ಕಾರಿನ ಎಂಜಿನ್ ಒಡೆದದ್ದಕ್ಕೆ ವಾಲ್ವ್ ಸ್ಪ್ರಿಂಗ್ ಕಾರಣ, ಸ್ಪ್ರಿಂಗ್ ಆರಿಸಿದವಳು ನಾನು ಎಂದು ಸಹಿ ಹಾಕಿ ಕಳಿಸಬೇಕು. ಇಲ್ಲದಿದ್ದರೆ ಓಟದ ಕಾರು ಕಟ್ಟುವ ನಿನ್ನ ಪರವಾನಗಿ ಹೋಗುತ್ತದೆ. ಕೊನೆಯ ಸಾಲು ಹೀಗಿತ್ತು: "ನಿಂಗೇನು ಹೋಗತ್ತೆ? ನಿನ್ನ ಹೆಸರು ಎಲ್ಲೂ ಇಲ್ವಲ್ಲ."

ಆ ಸಾಲನ್ನು ತಂಗಿಗೆ ಓದಿ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದವಳು ಮಡಿಸುವುದನ್ನು ನಿಲ್ಲಿಸಿ, "ಭಾವ ಇದನ್ನ ಕೋಪದಲ್ಲಿ ಬರೆದ್ರಾ, ಸಮಾಧಾನ ಮಾಡೋಕ್ ಬರೆದ್ರಾ?" ಎಂದು ಕೇಳಿದಳು. ಸಮಾಧಾನ ಮಾಡಲು ಎಂದೆ. ನನಗೆ ಗೊತ್ತು, ನೀನು ಹಾಗೆ ಬರೆದದ್ದು ನನ್ನನ್ನು ನೋಯಿಸಲು ಅಲ್ಲ. ನಿನಗೆ ಅದು ನಿಜವಾಗಿಯೂ ಒಂದು ಅನುಕೂಲದಂತೆ ಕಂಡಿದೆ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಸಹಿ ಹಾಕುವುದಿಲ್ಲ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಕೊನೆಯವರೆಗೂ ನೀನು ಆಸೆಯಿಂದ ಓದುವುದು ಬೇಡ. ಯಾಕೆ ಹಾಕುವುದಿಲ್ಲ ಎನ್ನುವುದನ್ನು ನಿನಗೆ ಅರ್ಥವಾಗುವ ಭಾಷೆಯಲ್ಲೇ ಬರೆಯುತ್ತೇನೆ, ಅಂದರೆ ಅಳತೆಯಲ್ಲಿ.

ಡಾಕ್ಟರ್ ಆ ಕೆಂಪು ಕಾರು ತಂದ ದಿನ ನೆನಪಿದೆಯೇ? ವಾರವೆಲ್ಲ ಜನರ ಕಣ್ಣಿನ ಪೊರೆ ತೆಗೆಯುವ ಹೆಂಗಸು, ಭಾನುವಾರ ಬಂದರೆ ಟರ್ಬೊ ಕಾರು ಹತ್ತಿ ಬೆಟ್ಟದ ತಿರುವುಗಳಲ್ಲಿ ಓಡಿಸುತ್ತಾರೆ. ಹೋದ ವರ್ಷ ಎರಡು ಸೆಕೆಂಡಿನಿಂದ ಸೋತಿದ್ದರು. "ಆ ಎರಡು ಸೆಕೆಂಡ್ ನಂಗೆ ಬೇಕು" ಎಂದು, ಔಷಧಿ ಕೇಳುವ ರೋಗಿಯ ಹಾಗೆ ಬೆಂಚಿನ ಮೇಲೆ ಕೂತು ಕೇಳಿದರು. ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಬದಲಾಯಿಸೋಣ ಎಂದು ನಾವಿಬ್ಬರೂ ಒಂದೇ ಬಾಯಲ್ಲಿ ಹೇಳಿದೆವು. ಒಂದೇ ಬಾಯಲ್ಲಿ ಹೇಳಿದ್ದು ಅದೇ ಕೊನೆ.

ನೀನು 272 ಡಿಗ್ರಿಯದು ತರಿಸಿದೆ. ನಾನು 264ರದು ತರಿಸಿದೆ. ಎರಡೂ ಡಬ್ಬಿ ಮೇಜಿನ ಮೇಲಿದ್ದವು. "ನಂಬರ್ ದೊಡ್ಡದಾದಷ್ಟೂ ವಾಲ್ವ್ ಜಾಸ್ತಿ ಹೊತ್ತು ತೆರೆದಿರತ್ತೆ, ಗಾಳಿ ಜಾಸ್ತಿ ಹೋಗತ್ತೆ, ಗಾಡಿ ಹಾರತ್ತೆ" ಎಂದೆ ನೀನು. ಟರ್ಬೊ ಇಲ್ಲದ ಗಾಡಿಗೆ ಅದು ಸರಿ ಎಂದೆ ನಾನು. ಗಾಳಿ ಬರುವ ಒಳಬಾಗಿಲು, ಹೊಗೆ ಹೋಗುವ ಹೊರಬಾಗಿಲು ಎರಡೂ ಒಟ್ಟಿಗೆ ತೆರೆದಿರುವ ಗಳಿಗೆಯೊಂದು ಪ್ರತಿ ಸುತ್ತಿನಲ್ಲೂ ಇರುತ್ತದಲ್ಲ, ಟರ್ಬೊ ಗಾಡಿಯಲ್ಲಿ ಅದು ಹೆಚ್ಚಾದರೆ ಹೊಗೆ ಹೊರಗೆ ಹೋಗುವ ಬದಲು ಒಳಗೇ ನುಗ್ಗುತ್ತದೆ. ತಿರುವಿನಿಂದ ಹೊರಬರುವಾಗ ಎಂಜಿನ್ ಮಂಕಾಗುತ್ತದೆ. ಬೆಟ್ಟದ ದಾರಿಯಲ್ಲಿ ಬರೀ ತಿರುವೇ ಇರುವುದು. ಇದನ್ನು ನಾನು ಗಾಳಿಯಲ್ಲಿ ಹೇಳಲಿಲ್ಲ. ಪಿಸ್ಟನ್ ಮೇಲೆ ಜೇಡಿಮಣ್ಣು ಮೆತ್ತಿ, ಎಂಜಿನ್ ಕೈಯಲ್ಲಿ ತಿರುಗಿಸಿ, ವಾಲ್ವ್ ಒತ್ತಿದ ಗುರುತನ್ನು ಬ್ಲೇಡಿನಿಂದ ಸೀಳಿ ಅಳೆದಿದ್ದೆ. ಎರಡೂ ಕ್ಯಾಮನ್ನು ಡಿಗ್ರಿ ಚಕ್ರಕ್ಕೆ ಕಟ್ಟಿ, ವಾಲ್ವ್ ಒಂದು ಮಿಲಿಮೀಟರ್ ಏಳುವಲ್ಲಿಂದ ಮತ್ತೆ ಒಂದು ಮಿಲಿಮೀಟರಿಗೆ ಇಳಿಯುವವರೆಗೆ ಲೆಕ್ಕ ಹಾಕಿದ್ದೆ. ನಿನ್ನದು 236 ಬಂತು, ನನ್ನದು 230.

ನೀನು ಹಾಳೆ ನೋಡಲಿಲ್ಲ. ಡಾಕ್ಟರೂ ಇನ್ನಿಬ್ಬರು ಗಿರಾಕಿಗಳೂ ನಿಂತಿರುವಾಗ, "ಇವ್ಳು ಅಳತೆ ನೋಡ್ತಾ ನೋಡ್ತಾನೇ ಮುದುಕಿ ಆಗ್ತಾಳೆ, ನೀವು ಅಷ್ಟೊತ್ತಿಗೆ ರಿಟೈರ್ ಆಗಿರ್ತೀರಿ" ಎಂದೆ. ಎಲ್ಲ ನಕ್ಕರು. ನಾನೂ ನಕ್ಕೆ, ಹದಿನಾಲ್ಕು ವರ್ಷದಲ್ಲಿ ನನಗೆ ಚೆನ್ನಾಗಿ ಅಭ್ಯಾಸವಾಗಿರುವ ನಗು ಅದು. ನಗದೆ ಇದ್ದವರು ಡಾಕ್ಟರ್ ಒಬ್ಬರೇ. ನನ್ನ ಹಾಳೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ ಓದಿ, "ಇವರು ಹೇಳಿದ್ದು ಹಾಕಿ" ಎಂದರು.

ಅಲ್ಲಿಗೆ ಮಾತು ಮುಗಿಯಬೇಕಿತ್ತು. ಕಾರು ಅವರದು, ಕತ್ತು ಅವರದು, ಆಯ್ಕೆಯೂ ಅವರದೇ. ನನ್ನ 264 ವಾಲ್ವನ್ನು ಎತ್ತುವ ಎತ್ತರಕ್ಕೆ ತಕ್ಕಂತೆ ಸ್ಪ್ರಿಂಗ್ ಆರಿಸಿ ಕೂರಿಸಿದವಳು ನಾನೇ. ಅದನ್ನು ಇವತ್ತೂ ಒಪ್ಪುತ್ತೇನೆ, ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ. ಆ ಸ್ಪ್ರಿಂಗು ಆ ಕ್ಯಾಮಿಗೆ ಹೇಳಿ ಮಾಡಿಸಿದಂತಿತ್ತು.

ಆದರೆ ಓಟದ ದಿನ ಆ ಎಂಜಿನ್ನಿನಲ್ಲಿ ಇದ್ದದ್ದು ಆ ಕ್ಯಾಮ್ ಅಲ್ಲ.

ಭಾನುವಾರ ಏಳನೆಯ ತಿರುವಿನ ಮುಂಚೆ ಏನಾಯಿತೆಂದು ಇಬ್ಬರೂ ಕಂಡಿದ್ದೇವೆ. ಶಬ್ದ ಬದಲಾಯಿತು. ಪಾತ್ರೆಗಳು ಅಟ್ಟದಿಂದ ಬಿದ್ದಂತಾಯಿತು, ಆಮೇಲೆ ಚಕ್ರ ಕಚ್ಚಿಕೊಂಡು ಕಾರು ಅಡ್ಡಡ್ಡ ಜಾರಿ ಕಲ್ಲಿನ ಗೋಡೆಗೆ ಹೊಡೆಯಿತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಡಾಕ್ಟರ ಅಣ್ಣ ನಿನ್ನ ಕೊರಳಪಟ್ಟಿ ಹಿಡಿಯುವಷ್ಟು ಹತ್ತಿರ ಬಂದಾಗ ನೀನು ನನ್ನ ಕಡೆ ಕೈ ತೋರಿಸಿ, "ಸ್ಪ್ರಿಂಗ್ ಕೆಲ್ಸ ಪೂರ್ತಿ ಇವ್ಳದ್ದು ಸಾರ್" ಎಂದೆ. ಅದು ಸುಳ್ಳಲ್ಲ. ಅಷ್ಟು ಚೊಕ್ಕವಾಗಿ ನಿಜ ಹೇಳಿ ಒಬ್ಬರ ತಲೆ ತೆಗೆಯಬಹುದು ಎಂದು ನನಗೆ ಗೊತ್ತಿರಲಿಲ್ಲ. ನಾನು ಅಲ್ಲಿಂದ ನೇರವಾಗಿ ತಂಗಿಯ ಮನೆಗೆ ಬಂದೆ. ಮೈಮೇಲಿದ್ದದ್ದು ಗ್ಯಾರೇಜಿನ ನಿಲುವಂಗಿ, ಜೇಬಿನಲ್ಲಿ ಸಂದು ಅಳೆಯುವ ಒಂದು ಫೀಲರ್ ಗೇಜು. ಮದುವೆ ಬಿಟ್ಟು ಬಂದವಳ ಸಾಮಾನು ಅಷ್ಟೇ.

ಡಾಕ್ಟರಿಗೆ ಬಲಗಡೆಯ ಕೊರಳೆಲುಬು ಮುರಿದಿದೆ. ಆರು ವಾರ ಶಸ್ತ್ರಕ್ರಿಯೆ ಮಾಡುವಂತಿಲ್ಲ. ಅವರ ಕೋಣೆಯ ಹೊರಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾಯುವವರ ಸಾಲನ್ನು ನಾನು ನೋಡಿ ಬಂದೆ. ನೀನು ಇನ್ನೂ ಹೋಗಿಲ್ಲ ಎಂದು ನರ್ಸ್ ಹೇಳಿದಳು.

ನಿನ್ನೆ ಡಾಕ್ಟರ ಒಪ್ಪಿಗೆ ಪಡೆದು ಕಾರು ಇಟ್ಟಿರುವಲ್ಲಿಗೆ ಹೋದೆ. ಊರಾಚೆ ಲೇತ್ ಇಟ್ಟುಕೊಂಡಿರುವ ಅಜ್ಜನ ಶೆಡ್ಡು. ಎಂಜಿನ್ನಿನ ಹೆಡ್ ಬಿಚ್ಚಿದಾಗ ಒಳಗೆ ಕಂಡ ಕ್ಯಾಮ್ ನನ್ನದೂ ಅಲ್ಲ, ನಿನ್ನದೂ ಅಲ್ಲ, ನೀನು ಯಾರಿಗೂ ಹೇಳದೆ ಹಾಕಿದ ಮೂರನೆಯದು. ಅದರ ತುದಿಯಲ್ಲಿ ಕೆತ್ತಿದ ಸಂಖ್ಯೆ 248.

ನಿನ್ನ ಅಕ್ಕನಿಗೆ ನೀನು ಹೇಳಿದ್ದನ್ನು ಅವರು ನನಗೆ ಹೇಳಿದರು: "ನಂಬರ್ ಅವಳದ್ದಕ್ಕಿಂತ ಚಿಕ್ಕದು, ಎತ್ತರ ನನ್ನದಕ್ಕಿಂತ ದೊಡ್ಡದು. ಇಬ್ರ ಮಾತೂ ನಡೀತು ಅನ್ಕೊಂಡೆ ಅಕ್ಕಾ." ಇದನ್ನು ಕೇಳಿ ನನಗೆ ಒಂದು ಕ್ಷಣ ನಿನ್ನ ಬಗ್ಗೆ ಅಯ್ಯೋ ಅನ್ನಿಸಿತು. ನಿನ್ನ ಪ್ರಕಾರ ನೀನು ನನಗೆ ಸೋತುಕೊಟ್ಟಿದ್ದೆ! ಆದರೆ ಮೇಸ್ತ್ರಿ, ಒಬ್ಬೊಬ್ಬ ತಯಾರಕನೂ ಒಂದೊಂದು ಕಡೆಯಿಂದ ಅಳೆಯುತ್ತಾನೆ. ನಮ್ಮ ಎರಡು ಡಬ್ಬಿಯವರು ವಾಲ್ವ್ ಕದಲಿದ ಕೂಡಲೇ ಎಣಿಸಲು ಶುರುಮಾಡುವವರು. ಈ ಮೂರನೆಯವರು ಒಂದು ಮಿಲಿಮೀಟರ್ ಎದ್ದ ಮೇಲೆ ಎಣಿಸುತ್ತಾರೆ. ಅದೇ ಜಾಗದಿಂದ ಅಳೆದರೆ ನಿನ್ನ 272 ಬರೀ 236. ಇದು 248. ಮೂರರಲ್ಲಿ ಚಿಕ್ಕದು ಎಂದು ನೀನು ಹಾಕಿದ್ದು ಮೂರರಲ್ಲಿ ಅತಿ ದೊಡ್ಡದು, ರಸ್ತೆಯ ಮೇಲೆ ಓಡಿಸುವಂಥದ್ದೇ ಅಲ್ಲ. ಎತ್ತರ ಹನ್ನೊಂದೂವರೆ ಮಿಲಿಮೀಟರ್. ನನ್ನ ಸ್ಪ್ರಿಂಗು ಹತ್ತೂಕಾಲಿಗೆ ಆರಿಸಿದ್ದು. ವೇಗ ಏರಿದಾಗ ಅದು ವಾಲ್ವನ್ನು ಹಿಂದಕ್ಕೆ ಎಳೆಯುವಷ್ಟರಲ್ಲಿ ಪಿಸ್ಟನ್ ಮೇಲೆ ಬಂದು ಗುದ್ದಿತು. ಅಳತೆಯ ಹಾಳೆ ಜೊತೆಗಿಟ್ಟಿದ್ದೇನೆ. ಈ ಸಲವಾದರೂ ಓದು.

ನಾನು ಚಕ್ರ ತಿರುಗಿಸಿ ಮೂರು ಸಲ ಅಳೆಯುವುದನ್ನು ಲೇತ್ ಅಜ್ಜ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಕೊನೆಗೆ, "ಏನಮ್ಮಾ, ಇಷ್ಟು ಚೊಕ್ಕವಾಗಿ ಯಾರ ಹತ್ರ ಕಲ್ತೆ?" ಎಂದರು. ಇದನ್ನು ಹಾಕಿದವರ ಹತ್ತಿರವೇ ಎಂದೆ. ಅವರು ತಲೆ ಕೆರೆದುಕೊಂಡು, "ಹಂಗಾದ್ರೆ ಕಲಿಸೋವಾಗ ಅವನಿಗೆ ಬುದ್ಧಿ ಇತ್ತು" ಎಂದರು.

ಇತ್ತು. ಮದುವೆಯಾದ ಹೊಸತರಲ್ಲಿ ಡಯಲ್ ಗೇಜನ್ನು ನನ್ನ ಕೈಗಿಟ್ಟು, ಮುಳ್ಳು ನಡುಗಿದರೆ ಉಸಿರು ಬಿಗಿಹಿಡಿ ಎಂದವನು ನೀನು. ಇಂಚಿನ ಸಾವಿರದಲ್ಲಿ ಎರಡು ಭಾಗ ತಪ್ಪಿದ್ದಕ್ಕೆ ಇಡೀ ಹೆಡ್ ಬಿಚ್ಚಿಸಿದವನೂ ನೀನೇ. ನಾನು ಅಳುತ್ತಾ ಬಿಚ್ಚಿದ್ದೆ. "ಸರಿಯಾಗಿದೆ ಅನ್ಸೋದು ಬೇರೆ, ಸರಿಯಾಗಿರೋದು ಬೇರೆ" ಎಂದು ನೀನು ಪಕ್ಕದಲ್ಲೇ ಕೂತು ನಟ್ಟುಗಳನ್ನು ಸಾಲಾಗಿ ಜೋಡಿಸಿಕೊಟ್ಟಿದ್ದೆ. ಆಮೇಲೆ ಯಾವಾಗಲೋ ಜನ ನಿನ್ನನ್ನು ಮೇಸ್ತ್ರಿ ಎನ್ನತೊಡಗಿದರು, ನೀನು ಕಿವಿಯಲ್ಲೇ ಎಂಜಿನ್ ನೋಡತೊಡಗಿದೆ, ಗೇಜು ಪೂರ್ತಿ ನನ್ನ ಪಾಲಿಗೆ ಬಂತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಕಾಲು ಎಣಿಸುವ ಹೆಂಡತಿ ಬೇಕಾಗುವುದಿಲ್ಲ.

ನನ್ನ ಹೆಸರು ಎಲ್ಲೂ ಇಲ್ಲ ಎಂದೆಯಲ್ಲ. ಬೋರ್ಡಿನ ಮೇಲೆ ಇಲ್ಲ, ಒಪ್ಪುತ್ತೇನೆ. ಕಪ್ ಗೆದ್ದವರು ಫೋಟೋ ತೆಗೆಸಿಕೊಳ್ಳುವಾಗಲೂ ನಾನು ಕ್ಯಾಮೆರಾ ಹಿಡಿದವಳು. ಆದರೆ ನಮ್ಮ ಗ್ಯಾರೇಜಿನಿಂದ ಹೊರಟ ಒಂದೊಂದು ಎಂಜಿನ್ನಿನ ಒಳಗೂ ನನ್ನ ಬೆರಳಿದೆ. ಮೊಟ್ಟಮೊದಲ ಬಾರಿಗೆ ಒಂದು ಕಾಗದದ ಮೇಲೆ ನನ್ನ ಹೆಸರು ಬರೆಯುವ ಅವಕಾಶ ಬಂದಿದೆ. ಅದನ್ನು ನಿನ್ನ ತಪ್ಪಿನ ಕೆಳಗೆ ಬರೆಯಲೇ? ಆಗದು. ಹೆಂಗಸಿನ ತಪ್ಪನ್ನು ಸಂಘದವರು ನಕ್ಕು ಬಿಟ್ಟುಬಿಡುತ್ತಾರೆ ಎಂದು ಅಕ್ಕನ ಕೈಲಿ ಹೇಳಿಕಳಿಸಿದ್ದೀಯ. ಅವರು ನಗುವುದು ಬೇಡ. ನನ್ನನ್ನು ಗದರಲಿ, ಪ್ರಶ್ನೆ ಕೇಳಲಿ, ಬೇಕಾದರೆ ಹೊರಗೆ ಹಾಕಲಿ. ಕೆಲಸ ಗೊತ್ತಿರುವವಳಿಗೆ ಮಾಡುವುದನ್ನೆಲ್ಲ ಮಾಡಲಿ.

ಹೊಂದಿಕೊಂಡು ಹೋಗು ಎಂದರು ನಿನ್ನ ಅಕ್ಕ. ಗಂಡ ಹೆಂಡತಿ ಜಗಳ ಉಂಡು ಮಲಗುವ ತನಕ ಎಂದರು. ಅತ್ತಿಗೆ, ಇಲ್ಲಿ ಜಗಳ ಇಬ್ಬರದು, ಎಲುಬು ಮೂರನೆಯವರದು ಎಂದೆ. ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಅವ್ನು ಊಟ ಮಾಡ್ತಿಲ್ಲ ಕಣೇ" ಎಂದರು. ಊಟ ಮಾಡು.

ನೀನು ಕಳಿಸಿದ ಹಾಳೆಯನ್ನು ಅಡ್ಡ ಗೀಟು ಎಳೆದು ವಾಪಸು ಕಳಿಸುತ್ತಿದ್ದೇನೆ. ಲೇತ್ ಅಜ್ಜ ಸೋಮವಾರದಿಂದ ಕೆಲಸಕ್ಕೆ ಬಾ ಎಂದಿದ್ದಾರೆ. ಹೋಗುತ್ತೇನೆ. ನಿನ್ನ ಗ್ಯಾರೇಜಿಗೆ ಮತ್ತೆ ಬರುತ್ತೇನೋ ಇಲ್ಲವೋ ಗೊತ್ತಿಲ್ಲ. ಬಂದರೂ ಕ್ಷಮೆ ಕೇಳಲು ಬರುವುದಿಲ್ಲ, ನಗಿಸಿದಾಗ ನಗಲೂ ಬರುವುದಿಲ್ಲ.

ನೀನು ಗೇಜು ಹಿಡಿಸಿದ,
ನಿನ್ನ ಹೆಂಡತಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ಮೂರನೆಯ ಕ್ಯಾಮನ್ನು ಮೊದಲ ಸಲ ನೋಡಿದ್ದು ಅಜ್ಜನ ಶೆಡ್ಡಿನಲ್ಲಿ ಎನ್ನುವಂತೆ ಬರೆದಿದ್ದೇನೆ. ಹಾಗಲ್ಲ. ಓಟದ ಹಿಂದಿನ ದಿನ ನೀನು ಚಹಾ ತರಲು ಹೋದಾಗ ಆ ಡಬ್ಬಿ ಬೆಂಚಿನ ಮೇಲೆ ತೆರೆದಿತ್ತು. ಚೀಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ 'ಒಂದು ಮಿಲಿಮೀಟರಿನಿಂದ' ಎಂದಿದ್ದದ್ದನ್ನು ಓದಿದೆ. ಓದಿದ ಕ್ಷಣದಲ್ಲೇ ನೀನು ಇದನ್ನೇ ಹಾಕುವವನೆಂದೂ ಇದು ಮೂರರಲ್ಲಿ ದೊಡ್ಡದೆಂದೂ ಗೊತ್ತಾಯಿತು. ನೀನು ಬಂದೆ, ನಾನು ಬಾಯಿ ಬಿಡಲಿಲ್ಲ. ಕಾರು ಮಂಕಾಗಿ ಕೊನೆಗೆ ಬರಲಿ, ಎಲ್ಲರೆದುರು ಈ ಸಲ ಇವನಿಗೆ ನಾಚಿಕೆಯಾಗಲಿ ಎಂದುಕೊಂಡು ಕೈ ತೊಳೆದು ಮನೆಗೆ ಹೋದೆ. ಸ್ಪ್ರಿಂಗಿನ ಎತ್ತರ ನೆನಪಿಗೆ ಬರಲಿಲ್ಲ ಎಂದು ಹೇಳಿಕೊಳ್ಳುತ್ತಿದ್ದೇನೆ. ಬಂದಿತ್ತೋ ಏನೋ, ದೇವರಾಣೆ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ ಇಷ್ಟನ್ನೂ ಹೇಳಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ, "ಇದನ್ನ ಸಂಘದವ್ರ ಮುಂದೂ ಹೇಳ್ತೀರಾ?" ಎಂದಷ್ಟೇ ಕೇಳಿದರು. ಹೇಳುತ್ತೇನೆ. ಗುರುವಾರ ಹತ್ತು ಗಂಟೆಗೆ ವಿಚಾರಣೆಯಲ್ಲಿ ಮೊದಲು ನನ್ನ ತಪ್ಪು ಹೇಳಿ, ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕುತ್ತೇನೆ. ನಿನ್ನದನ್ನು ನಾನು ಹೇಳುವ ಮೊದಲು ನೀನೇ ಬಂದು ಹೇಳು.