ಹನ್ನೊಂದನೇ ಮಹಡಿಯ ಮೆತ್ತೆ

ಇಸವಿ ಎರಡು ಸಾವಿರದ ನೂರ ಎಪ್ಪತ್ತೊಂಬತ್ತು. ಮಳೆ ಬರುತ್ತಿದ್ದ ಕಾಲಕ್ಕೆ ಆಷಾಢ ಅನ್ನಿಸಿಕೊಳ್ಳುತ್ತಿದ್ದ ತಿಂಗಳು.
ಹುಬ್ಬಳ್ಳಿ, ಪಡುವಣ ನೆಲಕೇರಿ.

ಹನ್ನೊಂದನೇ ಮಹಡಿಯ ಮೃಣಾಲಿನಿ ಅವರಿಗೆ ಸಾವಂತ್ರೆವ್ವನ ಶರಣು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಳ್ಳುತ್ತೀರೇನೋ. ಮಾತೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು. ಎರಡಕ್ಕೂ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಅಕ್ಷರ ಕಲಿತದ್ದು ಸುಣ್ಣದ ಗೋಡೆಯ ಮೇಲೆ, ಇದ್ದಿಲಿನಿಂದ. ಇಷ್ಟುದ್ದದ ಕಾಗದ ಬರೆಯುತ್ತಿರುವುದು ಹುಟ್ಟಿದ ಮೇಲೆ ಇದೇ ಮೊದಲು. ನಿಮ್ಮ ಕಾಲದಲ್ಲಿಲ್ಲದ ಶಬ್ದ ಬಂದರೆ ಅದರ ಅರ್ಥವನ್ನು ಅಲ್ಲೇ ಹೇಳುತ್ತ ಹೋಗುತ್ತೇನೆ. ನಿಮ್ಮನ್ನು ನಾನು ಬಲ್ಲೆ. ಹೇಗೆ ಬಲ್ಲೆ ಅನ್ನುವುದನ್ನು ಹೇಳುವ ಮೊದಲು ನಮ್ಮ ಬದುಕು ಹೇಗಿದೆ ಅಂತ ಸ್ವಲ್ಪ ತಿಳಿಸಬೇಕು.

ನೆಲಕೇರಿ ಅಂದರೆ ಅರ್ಧ ನೆಲದೊಳಗೆ ಹೂತು ಕಟ್ಟಿದ ಮನೆಗಳ ಸಾಲು. ಬೆಳಿಗ್ಗೆ ಒಂಬತ್ತಕ್ಕೆ ಕೇರಿಯ ಬಾಗಿಲು ಮುಚ್ಚಿದರೆ ಮತ್ತೆ ತೆಗೆಯುವುದು ಸಂಜೆ ಐದಕ್ಕೆ. ನಡುವಿನ ಹೊತ್ತನ್ನು ಹಗಲ್ಮುಚ್ಚು ಅನ್ನುತ್ತೇವೆ. ಆಗ ಹೊರಗಿನ ಬಿಸಿಲು ಮನುಷ್ಯರಿಗಲ್ಲ. ಆ ಎಂಟು ತಾಸು ನಾವು ಮಲಗುತ್ತೇವೆ, ಕಲ್ಲಿನ ಕಟ್ಟೆಯ ಮೇಲೆ. ಕೂರುವುದೂ ಕಲ್ಲಿನ ಮೇಲೆಯೇ. ತಲೆಗೆ ಕಟ್ಟಿಗೆಯ ತುಂಡು. ಕಿಟಕಿಗೆ ಪರದೆಯಿಲ್ಲ, ನೆಲಕ್ಕೆ ಹಾಸಿಲ್ಲ. ಮೈಗೆ ಸೆಣಬಿನ ಎರಡು ಜೊತೆ ಬಟ್ಟೆ, ಅವನ್ನೂ ವಾರಕ್ಕೊಮ್ಮೆ ಕುದಿಸುತ್ತೇವೆ. ನಮ್ಮ ಮನೆಗಳಿಗೆ ಮೂಲೆಗಳಿಲ್ಲ. ಗೋಡೆ ನೆಲಕ್ಕೆ ಸೇರುವಲ್ಲಿ ಪುಡಿ ಕೂರಬಾರದೆಂದು ದುಂಡಗೆ ಗಾರೆ ಮೆತ್ತಿರುತ್ತೇವೆ. ಪ್ರತಿ ಅಮಾವಾಸ್ಯೆಗೂ ಸುಣ್ಣ ಬಳಿಯುತ್ತೇವೆ. ನೆಂಟರು ಬಂದರೆ ಹೊಸ್ತಿಲಲ್ಲೇ ನಿಲ್ಲಿಸಿ ಮೈಮೇಲೆ ನೀರು ಚಿಮುಕಿಸಿ ಒಳಗೆ ಕರೆಯುತ್ತೇವೆ. ಅದೇ ನಮ್ಮ ಮರ್ಯಾದೆ.

ಇದೆಲ್ಲ ಪುಡಿಕೆಮ್ಮಿಗೆ ಹೆದರಿ ಮಾಡಿಕೊಂಡದ್ದು. ನಿಮ್ಮ ಸೋಫಾ, ಹಾಸಿಗೆ, ದಿಂಬುಗಳಲ್ಲಿ ತುಂಬಿದ್ದ ಸ್ಪಂಜು, ಕಾಲಿಗೆ ಹಿತವಾಗುತ್ತಿದ್ದ ಜಮಖಾನದ ನೂಲು, ಇವೆಲ್ಲ ನೀವು ಹೋದ ಎಷ್ಟೋ ವರ್ಷದ ಮೇಲೆ, ಸೆಕೆ ವಿಪರೀತಕ್ಕೆ ಹೋದಾಗ, ಇದ್ದಲ್ಲೇ ಪುಡಿಯಾದವು. ಹೊರಗಿನಿಂದ ಎಲ್ಲ ಸರಿಯಾಗಿಯೇ ಕಾಣುತ್ತಿತ್ತಂತೆ. ಕೂತರೆ ಹಪ್ಪಳದ ಹಾಗೆ ಕುಸಿದು, ಕಣ್ಣಿಗೆ ಕಾಣದಷ್ಟು ಸಣ್ಣ ಹಿಟ್ಟು ಏಳುತ್ತಿತ್ತಂತೆ. ಆ ಹಿಟ್ಟು ಎದೆಗಿಳಿದರೆ ಮತ್ತೆ ಹೊರಗೆ ಬರುವುದಿಲ್ಲ. ದೊಡ್ಡವರು ಐದಾರು ವರ್ಷ ಕೆಮ್ಮುತ್ತಾರೆ. ಮಕ್ಕಳು ಅಷ್ಟು ದಿನ ತಡೆಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಮೆತ್ತೆಗೆ ನಿಷೇಧ. ಹುಲ್ಲು ತುಂಬಿದರೂ ತಪ್ಪೇ, ಯಾಕೆಂದರೆ ಹುಲ್ಲಿನ ಒಳಗೆ ಹಳೇ ಸ್ಪಂಜು ಬಚ್ಚಿಟ್ಟು ಮಲಗಿದವರು ಬಹಳ ಮಂದಿ. ಮನುಷ್ಯನಿಗೆ ಮೆತ್ತಗಿನದರ ಆಸೆ ಅಷ್ಟು ಬೇಗ ಹೋಗುವುದಿಲ್ಲ, ಮೃಣಾಲಿನಿ ಅವರೇ.

ನಾನು ಬಿಚ್ಚಾಳು. ನಿಮ್ಮ ಕಾಲದ ಕಟ್ಟಡಗಳಿಗೆ ಬೆಳಗಿನ ಜಾವ ಹೋಗಿ, ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಒಳಗಿನ ಮೆತ್ತೆಗಳನ್ನೆಲ್ಲ ನೀರಿನಲ್ಲಿ ತೋಯಿಸಿ, ಗೋಣಿಯಲ್ಲಿ ಇಳಿಸಿ, ಸುಣ್ಣದ ಗುಂಡಿಗೆ ಹಾಕುವುದು ನನ್ನ ಕೆಲಸ. ಹದಿನಾಲ್ಕು ವರ್ಷದಲ್ಲಿ ಎಷ್ಟು ಮನೆ ಬಿಚ್ಚಿದ್ದೇನೋ ಲೆಕ್ಕವಿಲ್ಲ. ಆದರೆ ನಿಮ್ಮ ಮನೆಯಂಥ ಮನೆಯನ್ನು ನಾನು ನೋಡಿರಲಿಲ್ಲ.

ಬಾಗಿಲು, ಕಿಟಕಿ ಎಲ್ಲ ಬಿಗಿಯಾಗಿ ಮುಚ್ಚಿದ್ದರಿಂದ ಒಳಗೆ ಬಣ್ಣ ಇನ್ನೂ ಉಳಿದಿತ್ತು. ನುಚ್ಚಿನ ಬಣ್ಣದ ಪರದೆ ನೆಲ ಮುಟ್ಟಿ ಇನ್ನೂ ನಾಲ್ಕು ಬೆರಳು ಹೆಚ್ಚಾಗಿ ಬಿದ್ದುಕೊಂಡಿತ್ತು. ಮಜ್ಜಿಗೆ ಬಣ್ಣದ ಉದ್ದನೆಯ ಸೋಫಾ, ಅದರ ಒಂದು ತೋಳಿನ ಮೇಲೆ ಯಾರೋ ಈಗ ತಾನೇ ಎದ್ದು ಹೋದಂತೆ ಇಳಿಬಿಟ್ಟ ಶಾಲು. ಕಿಟಕಿಯ ಹತ್ತಿರ ಬೆತ್ತದ ಕುರ್ಚಿ. ಮಿಂಚುವುದು, ಹೊಳೆಯುವುದು ಏನೂ ಇರಲಿಲ್ಲ. ಟೀಪಾಯಿಯ ಖಾನೆಯಲ್ಲಿ, ಮೊದಲ ಪುಟದಲ್ಲೇ ನಿಮ್ಮ ಹೆಸರು ಬರೆದಿದ್ದ ನೋಟುಬುಕ್ಕಿತ್ತು. ಪುಟಪುಟಕ್ಕೂ ಬಟ್ಟೆಯ ಚೂರುಗಳನ್ನು ಪಿನ್ನು ಚುಚ್ಚಿ ಇಟ್ಟು, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದಿರಿ. ಒಂದು ಕಡೆ ಹೀಗಿತ್ತು: “ನೋಡಿದವರಿಗೆ ದುಬಾರಿ ಅನ್ನಿಸಬಾರದು. ಕೂತವರಿಗೆ ಏಳಬೇಕು ಅನ್ನಿಸಬಾರದು.” ಇನ್ನೊಂದು ಕಡೆ: “ಮನೆಯಲ್ಲಿ ಉಡುವ ಬಟ್ಟೆಯೂ ಪರದೆಯಷ್ಟೇ ಸಡಿಲ ಇರಲಿ. ಹೊರಗೆ ಇಡೀ ದಿನ ಬೆನ್ನು ನೆಟ್ಟಗಿಟ್ಟು ಸಾಕಾಗಿದೆ.” ಅದನ್ನು ಓದಿ ನಾನು ಆ ಸೋಫಾದ ಎದುರು ತುಂಬ ಹೊತ್ತು ನಿಂತಿದ್ದೆ. ನಿಮ್ಮ ಬೆನ್ನು ಯಾಕೆ ನೋಯುತ್ತಿತ್ತೋ ನನಗೆ ಗೊತ್ತಿಲ್ಲ. ನೋಯುತ್ತಿತ್ತು ಅನ್ನುವುದು ಮಾತ್ರ ತಿಳಿಯಿತು.

ಸೋಫಾವನ್ನು ನಿಯಮದಂತೆ ತೋಯಿಸಿದೆ. ಆದರೆ ಮಲಗುವ ಕೋಣೆಯ ಅಟ್ಟದ ಮೇಲೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಟ್ಟ ಒಂದು ಮೆತ್ತೆ ಸಿಕ್ಕಿತು, ಆಳುದ್ದದ್ದು. ಯಾರೂ ಬಿಚ್ಚಿಯೇ ಇರಲಿಲ್ಲ. ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಬಂತು. ಪುಡಿಯಾಗದ ಮೆತ್ತೆಯನ್ನು ನಾನು ಅದುವರೆಗೆ ಕೈಯಲ್ಲಿ ಮುಟ್ಟಿರಲಿಲ್ಲ.

ಈಗ ನಮ್ಮತ್ತೆ ಬಾಳವ್ವನ ಮಾತು ಹೇಳಬೇಕು. ಅವಳಿಗೆ ಆಗ ತೊಂಬತ್ತು. ಮೆತ್ತೆ ನಿಷೇಧದ ಮೊದಲ ದಿನಗಳಲ್ಲಿ ಮನೆಮನೆ ಹೊಕ್ಕು ಹಾಸಿಗೆ ಎಳೆದು ತಂದ ಹೆಂಗಸರಲ್ಲಿ ಅವಳೂ ಒಬ್ಬಳು. ಹಡೆದವ್ವ ಅಳುತ್ತಿದ್ದರೂ ತವರುಮನೆಯ ಹಾಸಿಗೆಯನ್ನೇ ಮೊದಲು ಬೀದಿಗೆ ಹಾಕಿದವಳು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಸೀರೆ ಮಡಚಿ ತಲೆಗಿಟ್ಟು ಮಲಗಿದ್ದಕ್ಕೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಅಂಥವಳು ಹೋದ ವರ್ಷ ಸೊಂಟ ಮುರಿದುಕೊಂಡು ಕಟ್ಟೆ ಹಿಡಿದಳು. ಕಲ್ಲಿನ ಮೇಲೆ ಮಲಗಿ ಮಲಗಿ ಬೆನ್ನಿಗೆ, ಪೃಷ್ಠಕ್ಕೆ ಹುಣ್ಣಾದವು. ಹಾಸಿಗೆಯೇ ಇಲ್ಲದ ಊರಿನಲ್ಲಿ ಅದಕ್ಕೆ ಇನ್ನೂ ಹಾಸಿಗೆಹುಣ್ಣು ಅಂತಲೇ ಹೆಸರು. ನನ್ನ ಗಂಡ ಬಸಲಿಂಗ ಕಾಳಿ ನದಿಯ ಕಡೆ ಕಾಲುವೆ ಕೆಲಸಕ್ಕೆ ಹೋದವರು ಆರು ತಿಂಗಳಿಗೊಮ್ಮೆ ಬರುತ್ತಾರೆ. ಮನೆಯಲ್ಲಿ ನಾನು, ಅತ್ತೆ, ನನ್ನ ಒಂಬತ್ತು ವರ್ಷದ ಮಗಳು ಮಲಪ್ರಭೆ, ಮೂವರೇ. ಬತ್ತಿ ಹೋದ ನದಿಯ ಹೆಸರು ಹೆಣ್ಣುಮಗುವಿಗೆ ಬೇಡ ಅಂದಿದ್ದರು ಎಲ್ಲರೂ. ಬಾಳವ್ವ ಹಟ ಹಿಡಿದು ಅದನ್ನೇ ಇಟ್ಟಿದ್ದಳು.

ಒಂದು ಸಂಜೆ ಹುಣ್ಣು ತೊಳೆಯುತ್ತಿದ್ದಾಗ ಅವಳು ನನ್ನ ಮುಂಗೈ ಹಿಡಿದುಕೊಂಡಳು.

“ಸಾವಂತ್ರಿ, ನಾ ಅಂದದ್ದು ಯಾರ ಮುಂದೂ ಅನಬ್ಯಾಡ. ಒಂದ ಸಲ ಮೆತ್ತಗ ಮಲಗಬೇಕು ಅನಸಾಕತ್ತೈತಿ.”

ಅವಳು ಮುಖ ಗೋಡೆಗೆ ತಿರುಗಿಸಿದಳು. ನಾಚಿಕೆಯಾಗಿತ್ತು ಅವಳಿಗೆ. ತೊಂಬತ್ತು ವರ್ಷದ ಮುದುಕಿ ನಾಚಿಕೊಂಡದ್ದನ್ನು ನನ್ನಿಂದ ನೋಡಲಾಗಲಿಲ್ಲ. ಅದಾಗಿ ನಾಲ್ಕೇ ದಿನಕ್ಕೆ ನಿಮ್ಮ ಅಟ್ಟದ ಮೇಲೆ ಆ ಮೆತ್ತೆ ಸಿಕ್ಕಿತು.

ನಾನು ಗೊತ್ತಿದ್ದೇ ತಂದೆ. ಯಾರೂ ಬಿಚ್ಚದ್ದು, ಗಾಳಿಯಾಡದ್ದು, ಇದರಲ್ಲಿ ಪುಡಿ ಇರಲಿಕ್ಕಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಪ್ಲಾಸ್ಟಿಕ್ಕು ಬಿಚ್ಚಿ, ಸೆಣಬಿನ ಬಟ್ಟೆಯನ್ನು ಎರಡು ಪದರ ಮಾಡಿ ಒತ್ತೊತ್ತಾಗಿ ಹೊಲಿದು ಗವಸು ಹಾಕಿದೆ. ಹದಿನಾಲ್ಕು ವರ್ಷ ಈ ಕೆಲಸ ಮಾಡಿದವಳಿಗೆ ಬಟ್ಟೆ ಆ ಹಿಟ್ಟನ್ನು ತಡೆಯುವುದಿಲ್ಲ ಅಂತ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಹೊಲಿದೆ.

ಬಾಳವ್ವನನ್ನು ಅದರ ಮೇಲೆ ಎತ್ತಿ ಮಲಗಿಸಿದಾಗ ಅವಳು ಮೊದಲು ಹೆದರಿ ನನ್ನ ಕುತ್ತಿಗೆ ಬಿಡಲಿಲ್ಲ, ಕೆಳಗೆ ಬೀಳುತ್ತಿದ್ದೇನೆ ಅಂದುಕೊಂಡಳಂತೆ. ಆಮೇಲೆ ಒಂದೊಂದೇ ಬೆರಳು ಸಡಿಲ ಬಿಟ್ಟಳು. ಮುಖದ ಗಂಟುಗಳೆಲ್ಲ ಬಿಚ್ಚಿಕೊಂಡವು. ಆ ದಿನ ಹಗಲ್ಮುಚ್ಚಿನ ಎಂಟೂ ತಾಸು ನರಳದೆ ನಿದ್ದೆ ಮಾಡಿದಳು. ವಾರದೊಳಗೆ ಹುಣ್ಣು ಒಣಗತೊಡಗಿತು. ಊಟ ಸೇರಿತು, ಮಾತು ಬಂತು. ಮೊಮ್ಮಗಳಿಗೆ ಮಳೆಗಾಲದ ಕತೆ ಹೇಳುವಷ್ಟು ಗೆಲುವಾದಳು. ಮಲಪ್ರಭೆಗೆ ಆ ಕಟ್ಟೆಯ ಹತ್ತಿರ ಹೋಗಬೇಡ ಅಂತ ಕಟ್ಟಪ್ಪಣೆ ಮಾಡಿದ್ದೆ. ಆದರೆ ಬೆಳಗಿನ ಪಾಳಿ ಮುಗಿಸಿ ಬಂದ ನಾನು ಕಲ್ಲಿಗೆ ತಲೆ ಕೊಟ್ಟರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ನಾನು ಮಲಗಿದ ಮೇಲೆ ಅವಳು ಹೋಗಿ ಅಜ್ಜಿಯ ಮಗ್ಗುಲಲ್ಲಿ ಕಾಲು ಚಾಚುತ್ತಿದ್ದಳು. ಇಪ್ಪತ್ತಮೂರು ದಿನ ಹೀಗೆ ನಡೆಯಿತು.

ಪ್ರತಿ ಅಮಾವಾಸ್ಯೆಗೆ ಕೇರಿಯಲ್ಲಿ ಎದೆ ಕೇಳುವವಳು ಬರುತ್ತಾಳೆ. ಹಿತ್ತಾಳೆಯ ಬಟ್ಟಲನ್ನು ಬೆನ್ನಿಗೆ ಬೋರಲು ಹಿಡಿದು ಕಿವಿಗೊಡುತ್ತಾಳೆ. ಅವಳು ಮಲಪ್ರಭೆಯ ಬೆನ್ನಿನ ಮೇಲೆ ಬಟ್ಟಲನ್ನು ಮೂರು ಸಲ ಸರಿಸಿ ಇಟ್ಟಳು. ಮೂರನೆಯ ಸಲ ನನ್ನ ಮುಖ ನೋಡಿದಳು. ಮನೆಯಲ್ಲಿ ಮೆತ್ತೆ ಇದೆಯೇ ಅಂತ ಕೇಳಿದಳು. ಇಲ್ಲ ಅಂದೆ. ನನ್ನ ಬಾಯಿಂದ ಅದು ಬಹಳ ಸಲೀಸಾಗಿ ಬಂತು. ಒಂದು ಮನೆಯ ಪುಡಿ ಪಕ್ಕದ ಮನೆಗೂ ಹೋಗುತ್ತದೆ. ಪಕ್ಕದಲ್ಲಿ ಎಳೆಗೂಸಿನ ಬಾಣಂತಿಯಿದ್ದಳು. ಒಳಗಿನಿಂದ ಬಾಳವ್ವನ ದನಿ ಕೇಳಿತು. ಮುರಿದ ಸೊಂಟವನ್ನು ಎಳೆದುಕೊಂಡು, ಎರಡೂ ಕೈಯೂರಿ ಹೊಸ್ತಿಲ ತನಕ ತೆವಳಿಕೊಂಡು ಬಂದಿದ್ದಳು.

“ಐತಿ. ನಾನ ಬೇಡಿದ್ದು, ನನ್ನ ಸಲುವಾಗಿ ತಂದಾಳ. ಒಳಗ ಬಂದು ತಗೊಂಡ ಹೋಗ್ರಿ, ಕೂಸಿನ ಮನಿ ಮೊದಲು ತೊಳೀರಿ.”

ಆ ಸಂಜೆ ನಮ್ಮ ಮನೆ ಖಾಲಿ ಮಾಡಿ ಸುಣ್ಣ ಹೊಡೆದರು. ಕೇರಿಯ ಸಭೆ ನನಗೆ ಒಂದು ವರ್ಷದ ದೂರ ವಿಧಿಸಿತು. ದೂರ ಅಂದರೆ ಯಾರ ಮನೆಯ ಹೊಸ್ತಿಲೂ ಹತ್ತುವಂತಿಲ್ಲ, ಬಿಚ್ಚುವ ಕೆಲಸಕ್ಕೂ ಹೋಗುವಂತಿಲ್ಲ. ಅದು ಹೆಚ್ಚಾಯಿತು ಅಂತ ನಾನು ಹೇಳುವುದಿಲ್ಲ. ಬಾಣಂತಿಯ ಕೂಸು ಉಳಿಯಿತು.

ಮಲಪ್ರಭೆ ನಾಲ್ಕು ತಿಂಗಳು ಬದುಕಿದಳು. ಕೊನೆಕೊನೆಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಹಾಗಾಗಿ ಕೂತೇ ನನ್ನ ಎದೆಗೆ ಒರಗಿರುತ್ತಿದ್ದಳು. ಕಲ್ಲಿಗಿಂತ ನನ್ನ ಮೈ ಮೇಲು ಅನ್ನುತ್ತಿದ್ದಳು. ಅವಳು ನನಗೆ ಹೇಳಿದ ಮಾತುಗಳಲ್ಲಿ ಒಂದನ್ನು ನಿಮಗೂ ತಿಳಿಸಬೇಕು. ಅಜ್ಜಿಗೆ ಅವಳು ಆಯಿ ಅನ್ನುತ್ತಿದ್ದಳು. “ಅವ್ವಾ, ಆಯಿಗೆ ಬೈಬ್ಯಾಡ. ಆಕಿ ಕರದಿರಲಿಲ್ಲ. ಆಕಿ ನಿದ್ದಿ ಹತ್ತಿದ ಮ್ಯಾಲ ನಾನ ಹೋಗತಿದ್ದೆ.” ಇದನ್ನು ಹೇಳಲು ಅವಳಿಗೆ ಆರೇಳು ಸಲ ನಿಲ್ಲಬೇಕಾಯಿತು.

ಬಸಲಿಂಗ ಬರುವಷ್ಟರಲ್ಲಿ ಮಣ್ಣಾಗಿತ್ತು. ನಾನು ಏನನ್ನೂ ಮುಚ್ಚಿಡದೆ ಹೇಳಿದೆ. ಅವರು ಬೈಯಲಿಲ್ಲ, ಅಳಲಿಲ್ಲ. ತಾಯಿಯ ಕಟ್ಟೆಯ ಪಕ್ಕ ಕೂತು ಬರಿಗಲ್ಲಿನ ಮೇಲೆ ಅಂಗೈ ಆಡಿಸುತ್ತ ಒಂದೇ ಪ್ರಶ್ನೆ ಕೇಳಿದರು.

“ಎಷ್ಟು ಮೆತ್ತಗಿತ್ತ ಅದು?”

ನಾನು ಮಲಗಿ ನೋಡಿಲ್ಲ ಅಂದೆ. ಅವರು ತಲೆಯಾಡಿಸಿ ಕಾಲುವೆಗೆ ಹೊರಟುಹೋದರು. ಈ ಸಲದ ಆರು ತಿಂಗಳು ಕಳೆದು ಹದಿನೈದು ದಿನವಾಯಿತು, ಇನ್ನೂ ಬಂದಿಲ್ಲ.

ಬಾಳವ್ವ ಬದುಕಿದ್ದಾಳೆ. ಅವಳ ಎದೆಯಲ್ಲಿ ಪುಡಿಯ ಸದ್ದು ಸಣ್ಣಗೆ ಇದೆಯಂತೆ, ಆದರೆ ಮುದಿ ಎದೆ ಅದನ್ನು ಸಹಿಸಿಕೊಂಡಿದೆ. ಕಲ್ಲಿಗೆ ಮರಳಿದ ಮೇಲೆ ಹುಣ್ಣುಗಳು ಮತ್ತೆ ಬಾಯಿಬಿಟ್ಟಿವೆ. ಬೆನ್ನಿಗೆ ಒಂದು ಸೆಣಬಿನ ಮಡಿಕೆ ಇಡುತ್ತೇನೆಂದರೂ ಕಿತ್ತೆಸೆಯುತ್ತಾಳೆ. ತಾಸಿಗೊಮ್ಮೆ ನಾನೇ ಅವಳನ್ನು ಮಗ್ಗುಲು ಹೊರಳಿಸುತ್ತೇನೆ. ಕೆಲವು ಸಲ, ಅವಳ ಭಾರ ಕೈಮೇಲಿದ್ದಾಗ, ಇವಳು ಬೇಡಿರದಿದ್ದರೆ ಅಂತ ಮನಸ್ಸಿಗೆ ಬರುತ್ತದೆ. ಮರುಕ್ಷಣವೇ ಅವಳು ಆ ದಿನ ಬೆರಳು ಸಡಿಲ ಬಿಟ್ಟದ್ದು ನೆನಪಾಗುತ್ತದೆ. ಆಗ ಯಾರನ್ನು ಬೈಯಬೇಕೋ ತಿಳಿಯುವುದಿಲ್ಲ. ನಿಮ್ಮನ್ನು ಬೈಯಲು ಎಷ್ಟೋ ಸಲ ಕೂತಿದ್ದೇನೆ. ಆ ಬೈಗುಳದ ಹಾಳೆಗಳನ್ನು ಹರಿದುಹಾಕಿದೆ. ನೀವು ಹಿತವಾಗಿ ಬದುಕಲು ಬಯಸಿದ್ದು ತಪ್ಪು ಅಂತ ನನ್ನಿಂದ ಹೇಳಲಾಗುವುದಿಲ್ಲ. ಒಳಗೆ ಏನು ತುಂಬಿದ್ದಾರೆ, ಅದು ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ ನೀವು ಒಂದು ಸಲ ಕೇಳಬೇಕಿತ್ತು. ಬಟ್ಟೆಯ ಬಣ್ಣಕ್ಕೆ ಅಷ್ಟು ಪುಟ ಬರೆದವರು ನೀವು. ತುಂಬಿದ್ದರ ಬಗ್ಗೆ ಒಂದು ಸಾಲೂ ಇಲ್ಲ.

ಮೊನ್ನೆ ಮಗ್ಗುಲು ಹೊರಳಿಸುವಾಗ ಬಾಳವ್ವ ತಾನಾಗಿಯೇ ಒಂದು ಮಾತು ತೆಗೆದಳು. ಅವಳ ಮುತ್ತಜ್ಜಿಯ ಕಾಲಕ್ಕೆ ಬೂರುಗದ ಮರ ಇತ್ತಂತೆ. ಕಾಯಿ ಒಡೆದರೆ ರೇಶಿಮೆಯಂಥ ಅರಳೆ ಬರುತ್ತಿತ್ತಂತೆ, ಅದನ್ನು ದಿಂಬಿಗೆ ತುಂಬುತ್ತಿದ್ದರಂತೆ. ದಿಂಬು ಹಳತಾದರೆ ತಿಪ್ಪೆಗೆ ಹಾಕುತ್ತಿದ್ದರು, ಅದು ಮಣ್ಣಾಗಿ ಹೋಗುತ್ತಿತ್ತು, ಯಾರ ಎದೆಗೂ ಹೋಗುತ್ತಿರಲಿಲ್ಲ ಅಂದಳು. ಆ ಮರ ನಮ್ಮಲ್ಲಿ ಒಂದೂ ಇಲ್ಲ. ಹತ್ತಿಯ ಬೀಜವೂ ಇಲ್ಲ. ಸೆಣಬಷ್ಟೇ ಈ ಬಿಸಿಲಿಗೆ ಬರುತ್ತದೆ.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಊರಿನಲ್ಲಿ ಬೂರುಗದ ಮರ ಇನ್ನೂ ಇದ್ದರೆ, ಬೇಸಿಗೆಯಲ್ಲಿ ಕಾಯಿ ಒಡೆದಾಗ ಹೋಗಿ ಒಂದು ಹಿಡಿ ಬೀಜ ಆರಿಸಿ ತನ್ನಿ. ಬೂದಿಯಲ್ಲಿ ಬೆರೆಸಿ, ಮಣ್ಣಿನ ಕುಡಿಕೆಗೆ ಹಾಕಿ, ಬಾಯಿಗೆ ಅರಗು ಮೆತ್ತಿ. ಅಷ್ಟು ವರ್ಷ ಬೀಜ ತಡೆಯುವುದಿಲ್ಲ ಅನ್ನುತ್ತಾಳೆ ಬಾಳವ್ವ. ಇರಲಿ. ಸಭೆಯವರನ್ನು ಒಪ್ಪಿಸುವ ಕೆಲಸ ನನಗಿರಲಿ.

ನನ್ನ ದೂರದ ವರ್ಷ ಇವತ್ತಿಗೆ ಮುಗಿಯಿತು. ನಿಮ್ಮ ಕಟ್ಟಡವನ್ನು ಮುಂದಿನ ವಾರ ಕೆಡವುತ್ತಾರೆ. ನಿಮ್ಮ ಅಡುಗೆಮನೆಯ ಕಟ್ಟೆಯ ಕೆಳಗೆ, ಬಲಗಡೆ ಗೋಡೆಗೆ ತಾಗಿದಂತೆ ಒಂದು ಟೈಲ್ಸ್ ಇದೆ. ಅದನ್ನು ಇನ್ನೂ ಯಾರೂ ಎಬ್ಬಿಸಿಲ್ಲ. ಕುಡಿಕೆಯನ್ನು ಅದರ ಅಡಿಯಲ್ಲಿ ಇಡಿ.

ನಾನು ನಾಳೆ ಬೆಳಿಗ್ಗೆ ಹೋಗಿ ಎಬ್ಬಿಸಿ ನೋಡುತ್ತೇನೆ.

ಸಾವಂತ್ರೆವ್ವ