ಗಂಟೆಯ ನಂತರದ ಅದಲುಬದಲು

ಸೆಪ್ಟೆಂಬರ್ 7, ಶನಿವಾರ

ಹನ್ನೊಂದು ಚಹಾ ಪೊಟ್ಟಣ ಉಳಿದವು. ಸಂತೆಗೆ ಬಂದವರಿಗೆಲ್ಲ ಸೇಬಿನ ಸೈಡರ್ ಬೇಕು, ನನ್ನ ಚಹಾ ಯಾರಿಗೂ ಬೇಡ. ಮಧ್ಯಾಹ್ನ ಒಂದಕ್ಕೆ ಸಂತೆ ನೋಡಿಕೊಳ್ಳುವ ಡೆಲ್ಫೀನ್ ಹಸುವಿನ ಕೊರಳಗಂಟೆ ಅಲ್ಲಾಡಿಸಿದಳು. ಸಂತೆ ಮುಗಿಯಿತು; ಇನ್ನು ದುಡ್ಡಿನ ಮಾತಿಲ್ಲ, ಉಳಿದದ್ದು ನಮ್ಮನಮ್ಮಲ್ಲೇ ಅದಲುಬದಲು. ಪಕ್ಕದ ಮೇಜಿನ ಬೇಕರಿಯ ಆರಿನ್ ಎಂದಿನಂತೆ ಬ್ರೆಡ್ ಹಿಡಿದು ಬಂದ. ಪೊಟ್ಟಣ ಕೊಟ್ಟೆ.

"ಹೋದ್ವಾರದ್ದು ಹೇಗಿತ್ತು?"

"ಚೆನ್ನಾಗಿತ್ತು ಕಣ್ರಿ ಕೊರಿನ್."

ಮೇ ತಿಂಗಳಿಂದ ಯಾವ ಚಹಾ ಕೊಟ್ಟರೂ ಇದೇ ಮಾತು. ಹಿಡಿಸಿಲ್ಲ, ಅಷ್ಟೇ. ವಾರವಿಡೀ ನನ್ನ ಚಹಾ ಅಂಗಡಿಗೆ ಬರುವವರು ಬೇಕಾದ್ದು ಹೇಳಿ, ತೂಗಿಸಿಕೊಂಡು ಹೋಗುತ್ತಾರೆ. ಹೆಸರು ಹಿಡಿದು ಕರೆಯುವವನು ಇವನೊಬ್ಬ.

ಸೆಪ್ಟೆಂಬರ್ 10, ಬೆಳಿಗ್ಗೆ

ಹೊಗೆಯಲ್ಲಿ ಒಣಗಿಸಿದ ಎಲೆ, ಕಿತ್ತಳೆ ಸಿಪ್ಪೆ, ಒಂದೇ ಒಂದು ಲವಂಗ. ಆರಿನ್‌ಗೆಂದು ಹದಿನೆಂಟನೇ ಮಿಶ್ರಣ. ಬೇಕರಿಯವನ ಮೂಗು, ಸುಲಭಕ್ಕೆ ಒಪ್ಪುವುದಿಲ್ಲ. ನನಗೂ ಹಟ.

ಅಕ್ಟೋಬರ್ 19, ಶನಿವಾರ

ಮುಂದಿನ ವಾರ ಕೊನೆಯ ಸಂತೆ. ಆಮೇಲೆ ಮೇ ತಿಂಗಳವರೆಗೆ ಹಿಮ, ಸಂತೆ ಇಲ್ಲ. "ಅಂಗಡಿಗೆ ಬನ್ನಿ" ಎಂದು ಆರಿನ್‌ಗೆ ಹೇಳಬೇಕೆಂದುಕೊಂಡೆ... ನಾಲಿಗೆ ಏಳಲಿಲ್ಲ. ಅವನಿಗೆ ಹಿಡಿಸುವ ಒಂದು ಲೋಟ ಚಹಾ ಮಾಡಲಾಗದವಳು ಯಾವ ಮುಖ ಇಟ್ಟುಕೊಂಡು ಕರೆಯಲಿ? ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಪೊಟ್ಟಣ ಕೊಟ್ಟು ಬಂದೆ.

ಫ್ರೀಜರಿನಲ್ಲಿ ಒಂಬತ್ತು ಬ್ರೆಡ್. ಒಬ್ಬಳು ಎಷ್ಟು ತಿಂದಾಳು?

ಅಕ್ಟೋಬರ್ 22

ಅಯ್ಯೋ ದೇವರೇ. ಸಂತೆಯ ಮೇಜಿನ ಮೇಲೆ ಅಂದಕ್ಕೆ ಇಡುವ ಪೊಟ್ಟಣ ಇಲ್ಲ. ಅದರಲ್ಲಿ ತುಂಬಿದ್ದು ಒಣಹುಲ್ಲು! ಅದನ್ನೇ ಕೊಟ್ಟಿದ್ದೇನೆ.

ಅಕ್ಟೋಬರ್ 26, ಶನಿವಾರ

ಗಂಟೆ ಹೊಡೆಯಿತು. ಬಂದ.

"ಹೇಗಿತ್ತು?"

"ಚೆನ್ನಾಗಿತ್ತು ಕಣ್ರಿ."

"ಆರಿನ್, ಅದು ಹುಲ್ಲು. ಕುದುರೆ ತಿನ್ನೋ ಹುಲ್ಲು."

ಕೈಯಲ್ಲಿದ್ದ ಬ್ರೆಡ್ಡನ್ನು ಮೇಜಿನ ಮೇಲಿಟ್ಟ.

"ಮೂರು ವರ್ಷ ಆಯ್ತು. ಜ್ವರ ಬಂತು, ಹೋಗೋವಾಗ ವಾಸ್ನೆ, ರುಚಿ ಎಲ್ಲಾ ತಗೊಂಡ್ ಹೋಯ್ತು. ಬ್ರೆಡ್ ಬೆಂದಿದ್ಯಾ ಅಂತ ತಟ್ಟಿ ನೋಡ್ತೀನಿ. ಯಾರಿಗೂ ಹೇಳ್ಬೇಡಿ. ಮೂಗು ಸತ್ತ ಬೇಕರಿಯವನ ಹತ್ರ ಯಾರ್ ಬರ್ತಾರೆ?"

"ಮತ್ತೆ ಚಹಾ ಯಾಕೆ ತಗೊಳ್ತಿದ್ರಿ?"

"ಗಂಟೆ ಹೊಡೆದ್ಮೇಲೆ ಇನ್ಯಾರ ಮೇಜಿಗೆ ಹೋಗ್ಲಿ?"

ನನಗೆ ಅಳು ಬಂತು. ಅಳಲಿಲ್ಲ.

"ಬುಧವಾರ ಮೂರಕ್ಕೆ ಅಂಗಡಿಗೆ ಬನ್ನಿ. ಒಂದೊಂದರ ಪರಿಮಳಾನೂ ಬಾಯಲ್ಲಿ ಹೇಳ್ತೀನಿ."

"ಹುಲ್ಲಿಂದಲೇ ಶುರು ಮಾಡ್ತೀರಾ?" ನಕ್ಕ. ಬರುತ್ತೇನೆ ಎನ್ನಲಿಲ್ಲ.

ಅಕ್ಟೋಬರ್ 30, ಬುಧವಾರ, 2.30

ಹೇಳುವುದನ್ನು ಬರೆದಿಟ್ಟುಕೊಳ್ಳುತ್ತೇನೆ. ಹೊಗೆಯ ಎಲೆ: ಚಳಿಗಾಲದ ಮೊದಲ ದಿನ ಒಲೆಗೆ ಕಟ್ಟಿಗೆ ಹಾಕಿದ ಮನೆ. ಪುದೀನ: ಕೈ ತೊಳೆದ ಮೇಲೂ ಉಳಿಯುವ ಹಸಿರು. ಛೇ, ಹಸಿರು ಎಂದರೆ ಮೂಗಿಗೆ ಏನು ತಿಳಿದೀತು?

3.20

ಬಂದಿಲ್ಲ. ಕಾಯಿಸಿದ ನೀರು ಎರಡು ಸಲ ಆರಿತು. ಗುಟ್ಟು ಹೇಳಿಬಿಟ್ಟದ್ದಕ್ಕೆ ನಾಚಿಕೆಯಿರಬೇಕು. ಹುಲ್ಲು ಕೊಟ್ಟವಳು ನಾನು, ನಾಚಿಕೆ ಅವನಿಗೆ. ಮೇ ಬಹಳ ದೂರ.

3.45

ಎದುರಿನ ಫುಟ್‌ಪಾತಿನಲ್ಲಿ ಹಿಟ್ಟು ಮೆತ್ತಿದ ಕೋಟು, ಆರಿನ್. ಎಷ್ಟು ಹೊತ್ತಿನಿಂದ ನಿಂತಿದ್ದಾನೋ. ಕೈಯಲ್ಲಿ ಬ್ರೆಡ್ ಇಲ್ಲ, ಬರಿಗೈ. ತಿರುಗಿ ಹೊರಟ... ಇಲ್ಲ, ನಿಂತ. ಮೂರನೇ ಸಲ ನೀರಿಟ್ಟಿದ್ದೇನೆ. ನಾನೇ ಹೋಗಿ ಬಾಗಿಲು ತೆಗೆ—